ಗೆದ್ದಲು ತಪಾಸಣೆ: ಔಷಧಕ್ಕಿಂತ ಮೊದಲು ಆಗಬೇಕಾದ ಕೆಲಸ

ಹುಬ್ಬಳ್ಳಿ-ಧಾರವಾಡ ಅವಳಿನಗರದ ವ್ಯಾಪಾರಸ್ಥರು ತಮ್ಮ ದುಡಿಮೆಯ ಉಳಿತಾಯವನ್ನು ಮನೆ, ಅಂಗಡಿ ಹಾಗೂ ಗೋದಾಮುಗಳಲ್ಲಿ ತೊಡಗಿಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿಯಾಗಿದೆ. ಈ ಆಸ್ತಿಗೆ ಬೆಂಕಿಯ ಭಯವಿರುವುದರಿಂದ ವಿಮೆ ಮಾಡಿಸಲಾಗುತ್ತದೆ. ಕಳ್ಳರ ಭಯವಿರುವುದರಿಂದ ಷಟರಿಗೆ ಎರಡು ಕೀಲಿ ಹಾಕಲಾಗುತ್ತದೆ. ಆದರೆ ವರ್ಷವಿಡೀ ಸದ್ದಿಲ್ಲದೆ ಮರವನ್ನೂ ಕಾಗದವನ್ನೂ ತಿನ್ನುವ ಗೆದ್ದಲಿನ, ಅಂದರೆ ಈ ಭಾಗದ ಆಡುಮಾತಿನ ಒರಲಿಯ, ವಿಷಯದಲ್ಲಿ ಮಾತ್ರ ಹಾನಿ ಕಣ್ಣಿಗೆ ಬಿದ್ದ ನಂತರವೇ ಓಡಾಟ ಆರಂಭವಾಗುತ್ತದೆ. ಆಗಲೂ ಮೊದಲು ಕರೆಸುವುದು ಔಷಧ ಹೊಡೆಯುವವರನ್ನು, ಕಟ್ಟಡವನ್ನು ಪರೀಕ್ಷಿಸುವವರನ್ನಲ್ಲ.

ರೋಗನಿದಾನವಿಲ್ಲದೆ ಔಷಧ ಕೊಡುವ ವೈದ್ಯನನ್ನು ಯಾರೂ ನಂಬುವುದಿಲ್ಲ. ಕಟ್ಟಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗೆದ್ದಲು ಎಲ್ಲಿಂದ ಬರುತ್ತಿದೆ, ಎಷ್ಟು ದೂರ ಹರಡಿದೆ, ಅದಕ್ಕೆ ನೀರು ಎಲ್ಲಿ ದೊರೆಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಮಾಡಿಸಿದ ಖರ್ಚು ಬಹುತೇಕ ವ್ಯರ್ಥವಾಗುತ್ತದೆ. ಈ ಉತ್ತರಗಳನ್ನು ಕೊಡುವುದೇ ತಪಾಸಣೆಯ ಉದ್ದೇಶ.

ಗೆದ್ದಲಿನ ಜೀವನಕ್ರಮ

ಗೆದ್ದಲನ್ನು ಬಿಳಿ ಇರುವೆ ಎಂದು ಕರೆಯುವ ರೂಢಿ ಇದ್ದರೂ ಅದು ಇರುವೆಯ ಜಾತಿಗೆ ಸೇರಿದ್ದಲ್ಲ. ಜೀವವಿಜ್ಞಾನದ ಪ್ರಕಾರ ಅದು ಜಿರಲೆಯ ಹತ್ತಿರದ ಬಂಧು. ರಾಜ, ರಾಣಿ, ಸೈನಿಕ ಹಾಗೂ ಕೆಲಸಗಾರ ಎಂಬ ವಿಂಗಡಣೆಯುಳ್ಳ ಅದರ ಸಂಸಾರ ಸಾಮಾನ್ಯವಾಗಿ ನೆಲದೊಳಗೆ ಇರುತ್ತದೆ. ಮರವನ್ನು ತಿನ್ನುವವು ಕೆಲಸಗಾರ ಹುಳುಗಳು. ಮರ, ಕಾಗದ, ಹತ್ತಿ, ಸೆಣಬು ಇವೆಲ್ಲವುಗಳಲ್ಲಿರುವ ಸೆಲ್ಯುಲೋಸ್ ಎಂಬ ನಾರಿನ ಅಂಶವೇ ಅವುಗಳ ಆಹಾರ. ಈ ಪ್ರದೇಶದ ಹೊಲಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ಸಾಮಾನ್ಯವಾಗಿ ಕಾಣುವ ಒಡೊಂಟೊಟರ್ಮಿಸ್ ಗುಂಪಿನ ಗೆದ್ದಲು ತಿಂದ ನಾರಿನ ಮೇಲೆ ನೆಲದೊಳಗೆ ಶಿಲೀಂಧ್ರ ಬೆಳೆಸಿ ಅದನ್ನು ಆಹಾರವಾಗಿ ಬಳಸುತ್ತದೆ.

ಕೆಲಸಗಾರ ಹುಳುವಿನ ಮೈ ತೀರ ಮೃದು. ಬಿಸಿಲು ಹಾಗೂ ಒಣಗಾಳಿಗೆ ಅದು ಬೇಗ ಸಾಯುತ್ತದೆ. ಆದ್ದರಿಂದಲೇ ಅದು ಬಯಲಿನಲ್ಲಿ ನಡೆಯದೆ ಮಣ್ಣು ಮತ್ತು ಜೊಲ್ಲು ಬೆರೆಸಿ ಗೋಡೆಯ ಮೇಲೆ ಸಣ್ಣ ಮಣ್ಣಿನ ಕೊಳವೆ ಕಟ್ಟಿಕೊಂಡು ಸಾಗುತ್ತದೆ. ಒಂದು ಮಿಲಿಮೀಟರಿನಷ್ಟು ಬಿರುಕಿದ್ದರೂ ಅದಕ್ಕೆ ದಾರಿ ದೊರೆತಂತೆಯೇ ಸರಿ. ತಪಾಸಣೆಯ ಇಡೀ ಶಾಸ್ತ್ರ ಈ ಒಂದು ಸಂಗತಿಯ ಮೇಲೆ ನಿಂತಿದೆ: ಗೆದ್ದಲಿಗೆ ತೇವ ಬೇಕು, ಮರೆ ಬೇಕು ಮತ್ತು ನೆಲದೊಡನೆ ಸಂಪರ್ಕ ಬೇಕು. ಈ ಮೂರೂ ಕೂಡುವ ಸ್ಥಳಗಳನ್ನು ಹುಡುಕಿದರೆ ಗೆದ್ದಲು ಸಿಕ್ಕುತ್ತದೆ.

ಅವಳಿನಗರದ ಮಣ್ಣಿನ ವಿಶೇಷ

ಹುಬ್ಬಳ್ಳಿಯ ಬಹುಭಾಗ ಎರೆ ಮಣ್ಣಿನ ಪ್ರದೇಶ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳದ ಕಡೆಗೆ ಸಾಗಿದಂತೆ ಕೆಂಪು ಮಣ್ಣು ಹೆಚ್ಚುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಆಳವಾದ ಬಿರುಕು ಬಿಡುತ್ತದೆ. ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ತಳಪಾಯದ ಸುತ್ತಲಿನ ಕಾಂಕ್ರೀಟ್ ಪಟ್ಟಿ, ಮೆಟ್ಟಿಲು ಹಾಗೂ ನೆಲಹಾಸಿನ ಅಂಚು ಗೋಡೆಯಿಂದ ಬೇರ್ಪಟ್ಟು ಸಂದು ಬಿಡುತ್ತವೆ. ಎರಡನೆಯದಾಗಿ, ಕಟ್ಟಡ ಕಟ್ಟುವಾಗ ಮಣ್ಣಿಗೆ ಉಣಿಸಿದ ಔಷಧದ ಪದರವು ಮಣ್ಣು ಬಿರಿದಲ್ಲಿ ತುಂಡಾಗುತ್ತದೆ. ಔಷಧದ ಶಕ್ತಿ ಉಳಿದಿದ್ದರೂ ಆ ಪದರದ ನಡುವೆ ಬಾಗಿಲು ತೆರೆದಂತಾಗುತ್ತದೆ.

ತಿಳಿದ ಗುತ್ತಿಗೆದಾರರು ಎರೆ ಮಣ್ಣನ್ನು ತೆಗೆಸಿ, ಗಟ್ಟಿ ನೆಲ ಸಿಕ್ಕುವವರೆಗೆ ಪಾಯ ಅಗೆಸಿ, ಒಳಗೆ ಗರಸು ತುಂಬಿಸುವುದು ಈ ಕಾರಣಕ್ಕೂ ಒಳ್ಳೆಯದು. ಆದರೂ ಸುತ್ತಲಿನ ನೆಲ ಎರೆಯದೇ ಆಗಿರುವುದರಿಂದ ಒಮ್ಮೆ ಮಾಡಿಸಿದ ಔಷಧೋಪಚಾರವನ್ನು ಶಾಶ್ವತವೆಂದು ತಿಳಿಯುವುದು ತಪ್ಪು. ಪ್ರತಿವರ್ಷ ತಪಾಸಣೆಯಾಗಬೇಕೆಂಬುದಕ್ಕೆ ಈ ಊರಿನ ಮಣ್ಣೇ ಕಾರಣ.

ಹಿರಿಯರು ಕಟ್ಟಿದ ಮನೆಗಳಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಹಳೇ ಹುಬ್ಬಳ್ಳಿಯಲ್ಲಾಗಲಿ, ಧಾರವಾಡದ ಹಳೆಯ ಓಣಿಗಳಲ್ಲಾಗಲಿ, ಪಡಸಾಲೆಯ ಮರದ ಕಂಬಗಳು ನೇರವಾಗಿ ನೆಲದಲ್ಲಿ ಹೂತಿರುವುದಿಲ್ಲ. ಕೆತ್ತಿದ ಅಡಿಗಲ್ಲಿನ ಮೇಲೆ ನಿಂತಿರುತ್ತವೆ. ತೊಲೆಗಳಿಗೆ ಬಳಸಿದ್ದು ಸಾಗವಾನಿಯ ಚೇಗು. ಅದನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಇಂದಿನ ಮನೆಗಳಲ್ಲಿ ಕಲ್ಲು ಕಾಂಕ್ರೀಟು ಹೆಚ್ಚಿದ್ದರೂ ಪ್ಲೈವುಡ್, ಎಂ.ಡಿ.ಎಫ್. ಹಲಗೆ ಹಾಗೂ ಎಳೆಯ ಮರದ ಚೌಕಟ್ಟುಗಳ ಬಳಕೆ ಹೆಚ್ಚಾಗಿದೆ. ಸಾಗವಾನಿಯದೇ ಆದರೂ ಹೊರಭಾಗದ ಬಿಳಿ ಮರವನ್ನು ಗೆದ್ದಲು ಬಿಡುವುದಿಲ್ಲ. ಆರ್‌ಸಿಸಿ ಕಟ್ಟಡಕ್ಕೆ ಗೆದ್ದಲಿನ ಭಯವಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಕಾಂಕ್ರೀಟನ್ನು ಅದು ತಿನ್ನುವುದಿಲ್ಲ; ಕಾಂಕ್ರೀಟಿನ ಬಿರುಕಿನಲ್ಲಿ ಹಾದು ಕಪಾಟನ್ನು ತಿನ್ನುತ್ತದೆ. ನೀರಿನ ಕೊಳವೆ ಹಾಗೂ ವಿದ್ಯುತ್ ತಂತಿಯ ಮಾರ್ಗವಾಗಿ ಮೇಲಿನ ಮಹಡಿಗಳನ್ನೂ ಸೇರುತ್ತದೆ.

ತಪಾಸಣೆಗೆ ಯೋಗ್ಯ ಕಾಲ

ಮೇ-ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರೆಕ್ಕೆಹುಳುಗಳು ಮುತ್ತುವುದು ಎಲ್ಲರ ಅನುಭವ. ಇವು ಹೊಸ ಸಂಸಾರ ಹೂಡಲು ಹೊರಟ ಗೆದ್ದಲುಗಳು. ಹೊರಗಿನಿಂದ ಬೆಳಕಿಗೆ ಬಂದ ಹುಳುಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಮನೆಯ ಒಳಗಿನ ಗೋಡೆಯ ಸಂದಿನಿಂದಲೋ ಚೌಕಟ್ಟಿನ ಬುಡದಿಂದಲೋ ಅವು ಹೊರಬಂದರೆ, ಕಟ್ಟಡದ ಅಡಿಯಲ್ಲಿಯೇ ಬಲಿತ ಗೂಡು ಇದೆಯೆಂದು ತಿಳಿಯಬೇಕು.

ರೆಕ್ಕೆಯ ಇರುವೆಗೂ ರೆಕ್ಕೆಯ ಗೆದ್ದಲಿಗೂ ಇರುವ ಭೇದ ಸುಲಭವಾದುದು. ಗೆದ್ದಲಿನ ನಾಲ್ಕೂ ರೆಕ್ಕೆಗಳು ಸಮನಾದ ಉದ್ದ; ಇರುವೆಯ ಮುಂದಿನ ಜೋಡಿ ದೊಡ್ಡದು. ಗೆದ್ದಲಿಗೆ ನಡು ಸಣ್ಣದಾಗಿರುವುದಿಲ್ಲ, ಮೀಸೆ ನೇರವಾಗಿರುತ್ತದೆ. ಇರುವೆಯ ನಡು ಕಿರಿದು, ಮೀಸೆ ಮೊಣಕೈಯಂತೆ ಬಾಗಿರುತ್ತದೆ.

ವರ್ಷಕ್ಕೆ ಎರಡು ಸಲ ತಪಾಸಣೆ ಮಾಡುವುದು ಉತ್ತಮ. ಏಪ್ರಿಲ್-ಮೇ ತಿಂಗಳಲ್ಲಿ ನೆಲ ಬಿರಿದಿರುವಾಗ ಸಂದುಗಳು ಸ್ಪಷ್ಟವಾಗಿ ಕಾಣುತ್ತವೆ. ಅವುಗಳನ್ನು ಮಳೆಗೆ ಮುನ್ನ ಮುಚ್ಚಿಸಬಹುದು. ಮಳೆ ನಿಂತ ಮೇಲೆ, ದೀಪಾವಳಿಗೆ ಅಂಗಡಿ ಮನೆಗಳನ್ನು ಸ್ವಚ್ಛಗೊಳಿಸುವ ಸಮಯದಲ್ಲಿ, ಹೊಸ ಮಣ್ಣಿನ ಕೊಳವೆಗಳನ್ನು ಹುಡುಕಬೇಕು. ಕಪಾಟು ಸರಿಸುವ ಕೆಲಸ ಹೇಗೂ ನಡೆಯುವುದರಿಂದ ಇದಕ್ಕೆ ಪ್ರತ್ಯೇಕ ಖರ್ಚಿಲ್ಲ.

ತಪಾಸಣೆಯ ಕ್ರಮ

ತಪಾಸಣೆಗೆ ಬೇಕಾದ ಸಲಕರಣೆ ಅಲ್ಪ: ಒಳ್ಳೆಯ ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಚಿಕ್ಕ ಸುತ್ತಿಗೆ, ಕಾಗದ ಹಾಗೂ ಪೆನ್ಸಿಲು. ವೃತ್ತಿಯವರು ಗೋಡೆಯ ತೇವ ಅಳೆಯುವ ಯಂತ್ರವನ್ನೂ ತರುತ್ತಾರೆ. ಕ್ರಮ ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ ಇರಬೇಕು.

1. ಕಟ್ಟಡದ ಸುತ್ತ: ತಳಪಾಯದ ಗೋಡೆಯನ್ನು ಸುತ್ತಲೂ ನೋಡಬೇಕು. ಗೋಡೆಗೆ ಆನಿಸಿ ಒಟ್ಟಿದ ಕಟ್ಟಿಗೆ, ಹಳೆಯ ಚೌಕಟ್ಟು, ರಟ್ಟಿನ ಪೆಟ್ಟಿಗೆ, ಕಡಿದ ಮರದ ಬುಡ, ಗೋಡೆಗೆ ತಾಗಿದ ಹೂದೋಟದ ಮಣ್ಣು ಇವು ಗೆದ್ದಲಿಗೆ ಆಹ್ವಾನವಿದ್ದಂತೆ. ಹಿತ್ತಿಲಲ್ಲಿ ಹುತ್ತವಿದ್ದರೆ ಗುರುತು ಹಾಕಿಕೊಳ್ಳಬೇಕು. ಮೇಲಿನ ಮಣ್ಣು ಕೆಡವಿದ ಮಾತ್ರಕ್ಕೆ ಗೂಡು ನಾಶವಾಗುವುದಿಲ್ಲ. ರಾಣಿ ಇರುವ ಕೋಣೆ ಒಳಗಡೆ ಇರುತ್ತದೆ.

2. ನೀರಿನ ಸ್ಥಳಗಳು: ಬಚ್ಚಲು, ಅಡುಗೆಮನೆಯ ತೊಟ್ಟಿಯ ಕೆಳಭಾಗ, ಸೋರುವ ನಲ್ಲಿ, ನೀರಿನ ಟಾಕಿಯ ಬುಡ ಮತ್ತು ಕೊಳವೆಗಳು ಗೋಡೆ ಹೊಗುವ ರಂಧ್ರಗಳನ್ನು ನೋಡಬೇಕು. ಸೋರಿಕೆ ನಿಲ್ಲಿಸದೆ ಔಷಧ ಹಾಕಿಸುವುದು ತೂತುಕೊಡಕ್ಕೆ ನೀರು ಹೊಯ್ದಂತೆ.

3. ಮರದ ಕೆಲಸ: ಬಾಗಿಲ ಚೌಕಟ್ಟಿನ ಬುಡ, ಹೊಸ್ತಿಲು, ಕಿಟಕಿಯ ಅಂಚು, ಗೋಡೆಗೆ ಕೂಡಿಸಿದ ಕಪಾಟಿನ ಹಿಂಬದಿಯ ಹಲಗೆ ಇವುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಟೊಳ್ಳು ಸದ್ದು ಬಂದರೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಬೇಕು. ಬಣ್ಣ ಸುಕ್ಕುಗಟ್ಟಿರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು ಸಹ ಸೂಚನೆಗಳು.

4. ಮೇಲ್ಭಾಗ: ಮಾಳಿಗೆ ಮನೆಗಳಲ್ಲಿ ತೊಲೆ ಮತ್ತು ಜಂತಿಗಳು ಗೋಡೆಯಲ್ಲಿ ಹುದುಗಿದ ತುದಿಗಳೇ ಅಪಾಯದ ಸ್ಥಳ. ಮೇಲೆ ಮಣ್ಣು ಹಾಸಿರುವ ಮಾಳಿಗೆಯಲ್ಲಿ ಮಳೆನೀರು ಇಳಿದರೆ ತೇವ ಅಲ್ಲಿಯೇ ನಿಲ್ಲುತ್ತದೆ. ಇಂತಹ ತೊಲೆ ಟೊಳ್ಳಾಗಿದ್ದರೆ ಅದು ಜೀವಕ್ಕೇ ಸಂಬಂಧಿಸಿದ ವಿಷಯ. ಗೆದ್ದಲು ಔಷಧದವರಿಗಿಂತ ಮೊದಲು ಕಟ್ಟಡ ಇಂಜಿನಿಯರನ್ನು ಕರೆಸಬೇಕು.

5. ಗೋದಾಮು ಮತ್ತು ಅಂಗಡಿ: ಗೋಣಿಚೀಲ, ಹತ್ತಿಯ ಅಂಡಿಗೆ ಹಾಗೂ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ತಾಗಿಸಿ ಒಟ್ಟಬಾರದು. ಒಬ್ಬ ಮನುಷ್ಯ ಟಾರ್ಚ್ ಹಿಡಿದು ನಡೆಯುವಷ್ಟು ಓಣಿ ಬಿಟ್ಟರೆ ಮಾತ್ರ ಗೋಡೆಯನ್ನು ಪರೀಕ್ಷಿಸಲು ಸಾಧ್ಯ.

ಮಣ್ಣಿನ ಕೊಳವೆ ಕಂಡಾಗ ಅದನ್ನು ಪೂರ್ತಿ ಕೆರೆದು ಸೀಮೆಎಣ್ಣೆ ಸುರಿಯುವುದು ಸಾಮಾನ್ಯ. ಹೀಗೆ ಮಾಡಿದರೆ ಸಾಯುವುದು ಕೈಗೆ ಸಿಕ್ಕ ಕೆಲವು ಹುಳುಗಳು ಮಾತ್ರ. ದಾರಿಯ ಗುರುತೂ ಅಳಿಸಿಹೋಗುತ್ತದೆ. ಬದಲಾಗಿ ಕೊಳವೆಯ ನಡುವೆ ಒಂದೆರಡು ಅಂಗುಲ ಮಾತ್ರ ಒಡೆದು ಕೆಲವು ದಿನ ಬಿಟ್ಟು ನೋಡಬೇಕು. ಒಡೆದ ಭಾಗ ಮತ್ತೆ ಕಟ್ಟಲ್ಪಟ್ಟಿದ್ದರೆ ಗೂಡು ಜೀವಂತವಾಗಿದೆ. ಕಟ್ಟಲ್ಪಡದಿದ್ದರೆ ಗೆದ್ದಲು ಇಲ್ಲವೆಂದು ತೀರ್ಮಾನಿಸಲಾಗದು. ಅದು ಬೇರೆ ದಾರಿ ಹಿಡಿದಿರಬಹುದು.

ಮರದಲ್ಲಿ ಗುಂಡಗಿನ ಸಣ್ಣ ರಂಧ್ರಗಳಿದ್ದು, ಕೆಳಗೆ ಹಿಟ್ಟಿನಂತಹ ಪುಡಿ ಉದುರಿದ್ದರೆ ಅದು ಮರ ಕೊರೆಯುವ ದುಂಬಿಯ ಕೆಲಸ. ಅದಕ್ಕೆ ನೆಲಕ್ಕೆ ಔಷಧ ಹಾಕಿಸಿ ಪ್ರಯೋಜನವಿಲ್ಲ. ಸಂಶಯವಿದ್ದಾಗ ಕೆಲವು ಹುಳುಗಳನ್ನು ಸ್ಪಿರಿಟ್ ಹಾಕಿದ ಚಿಕ್ಕ ಸೀಸೆಯಲ್ಲಿ ಇಟ್ಟು ಬಲ್ಲವರಿಗೆ ತೋರಿಸಬೇಕು. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವಿರುವುದು ಈ ಊರಿನವರ ಭಾಗ್ಯ.

ವರದಿ ಮತ್ತು ಅಂದಾಜು ಪತ್ರ

ಉಚಿತ ತಪಾಸಣೆ ಎಂಬ ಜಾಹೀರಾತಿನ ಹಿಂದೆ ಔಷಧೋಪಚಾರದ ಮಾರಾಟ ಇರುವುದು ಸಹಜ. ಪರೀಕ್ಷಿಸುವವನೇ ಮಾರುವವನೂ ಆದಾಗ ಗೆದ್ದಲು ಇಲ್ಲ ಎಂಬ ಉತ್ತರ ಬರುವುದು ಅಪರೂಪ. ಆದ್ದರಿಂದ ತಪಾಸಣೆಗೆ ಪ್ರತ್ಯೇಕ ಶುಲ್ಕ ಕೊಟ್ಟು ಲಿಖಿತ ವರದಿ ಪಡೆಯುವುದು ಲೇಸು. ವರದಿಯಲ್ಲಿ ಕಟ್ಟಡದ ನಕ್ಷೆ, ಗೆದ್ದಲು ಕಂಡ ಸ್ಥಳಗಳು, ಅದು ಜೀವಂತವೋ ಹಳೆಯದೋ ಎಂಬ ನಿರ್ಣಯ, ತೇವದ ಮೂಲ ಹಾಗೂ ನೋಡಲು ಸಾಧ್ಯವಾಗದ ಸ್ಥಳಗಳ ಪಟ್ಟಿ ಇರಬೇಕು. ಈ ಕೊನೆಯ ಪಟ್ಟಿ ಇಲ್ಲದ ವರದಿಯನ್ನು ನಂಬಬಾರದು.

ಉಪಚಾರ ಅಗತ್ಯವೆಂದು ತಿಳಿದಾಗ ಅಳತೆಗೋಲು ಸಿದ್ಧವಾಗಿಯೇ ಇದೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 6313 ಎಂಬ ಮಾನಕದ ಮೂರು ಭಾಗಗಳು ಕ್ರಮವಾಗಿ ಕಟ್ಟಡ ರಚನೆಯ ಎಚ್ಚರಿಕೆ, ನಿರ್ಮಾಣಕ್ಕೆ ಮುಂಚಿನ ಉಪಚಾರ ಹಾಗೂ ಇರುವ ಕಟ್ಟಡಗಳ ಉಪಚಾರವನ್ನು ವಿವರಿಸುತ್ತವೆ. ಇರುವ ಕಟ್ಟಡದಲ್ಲಿ ನೆಲ ಮತ್ತು ಗೋಡೆ ಕೂಡುವಲ್ಲಿ ಸುಮಾರು 300 ಮಿ.ಮೀ. ಅಂತರದಲ್ಲಿ 12 ಮಿ.ಮೀ. ವ್ಯಾಸದ ರಂಧ್ರ ಕೊರೆದು, ಮಣ್ಣು ಇನ್ನು ಹೀರದು ಎನ್ನುವವರೆಗೆ ಅಥವಾ ರಂಧ್ರಕ್ಕೆ ಗರಿಷ್ಠ 1 ಲೀಟರ್ ದ್ರಾವಣ ತುಂಬಬೇಕು.

ಇದನ್ನು ಲೆಕ್ಕಕ್ಕೆ ಇಳಿಸಿದರೆ ಅಂದಾಜು ಪತ್ರದ ಸತ್ಯಾಸತ್ಯ ತಿಳಿಯುತ್ತದೆ. 9 ಮೀಟರ್ ಅಗಲ, 12 ಮೀಟರ್ ಉದ್ದದ ಮನೆಯ ಹೊರಗೋಡೆಯ ಸುತ್ತಳತೆ 42 ಮೀಟರ್. 300 ಮಿ.ಮೀ.ಗೆ ಒಂದರಂತೆ 140 ರಂಧ್ರಗಳು, ಅಂದರೆ ಗರಿಷ್ಠ 140 ಲೀಟರ್ ದ್ರಾವಣ. ಒಳಗೋಡೆಗಳದು ಇದಕ್ಕೆ ಹೊರತು. ಶೇ. 20ರ ಕ್ಲೋರ್‌ಪೈರಿಫಾಸ್ ಔಷಧವನ್ನು ಶೇ. 1ಕ್ಕೆ ಇಳಿಸಲು 1 ಪಾಲಿಗೆ 19 ಪಾಲು ನೀರು ಬೇಕು; 140 ಲೀಟರಿಗೆ 7 ಲೀಟರ್ ಮೂಲ ಔಷಧ. ಇಂತಹ ಮನೆಗೆ 20 ಲೀಟರಿನ ಒಂದು ಕ್ಯಾನ್ ಹೊತ್ತು ಬಂದು ಒಂದು ಗಂಟೆಯಲ್ಲಿ ಕೆಲಸ ಮುಗಿಸಿ ಗ್ಯಾರಂಟಿ ಪತ್ರ ಕೊಟ್ಟವರು ಏನು ಮಾಡಿಹೋದರು ಎಂಬುದನ್ನು ಯಜಮಾನರೇ ಊಹಿಸಬಹುದು.

ಔಷಧದ ಹೆಸರನ್ನೂ ಕೇಳಬೇಕು. ಒಂದು ಕಾಲದಲ್ಲಿ ಬಳಕೆಯಲ್ಲಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಇವು 1990ರ ದಶಕದಲ್ಲಿಯೇ ದೇಶದಲ್ಲಿ ನಿಷೇಧಿಸಲ್ಪಟ್ಟವು. ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಕ್ಲೋರ್‌ಪೈರಿಫಾಸ್ ಔಷಧವನ್ನು ಸಹ 2025ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನಾ ಪಟ್ಟಿಗೆ ಸೇರಿಸಿವೆ. ಇಮಿಡಾಕ್ಲೋಪ್ರಿಡ್, ಬೈಫೆಂತ್ರಿನ್ ಈಗ ಬಳಕೆಯಲ್ಲಿರುವ ಇತರ ಔಷಧಗಳು. ಹಿತ್ತಿಲಲ್ಲಿ ಬಾವಿ ಅಥವಾ ಕೊಳವೆಬಾವಿ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಔಷಧ ನೀರಿಗೆ ಸೇರದಂತೆ ನೋಡಿಕೊಳ್ಳುವುದು ಮಾನಕದ ಮುಖ್ಯ ಎಚ್ಚರಿಕೆಗಳಲ್ಲಿ ಒಂದು. ವಾಣಿಜ್ಯ ಉದ್ದೇಶದ ಕೀಟನಿಯಂತ್ರಣಕ್ಕೆ 1968ರ ಕೀಟನಾಶಕ ಕಾಯಿದೆಯ ಮೇರೆಗೆ ಪರವಾನಗಿ ಬೇಕಾಗಿರುವುದರಿಂದ ಅದರ ಪ್ರತಿಯನ್ನು ಕೇಳಿ ಪಡೆಯಬೇಕು.

ಆಸ್ತಿ ಕೊಳ್ಳುವವರಿಗೆ

ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಸರಕಾರದ ಖಾತರಿಯೊಂದಿಗೆ ದೊರೆಯುವ ಗೃಹಸಾಲಕ್ಕೆ ಅನೇಕ ರಾಜ್ಯಗಳಲ್ಲಿ ಗೆದ್ದಲು ಮುಂತಾದ ಮರಭಕ್ಷಕ ಕೀಟಗಳ ತಪಾಸಣಾ ವರದಿ ಕಡ್ಡಾಯ. ನಮ್ಮ ದೇಶದಲ್ಲಿ ಖರೀದಿಪತ್ರ ನೋಂದಣಿಗೆ ಇಂತಹ ವರದಿ ಬೇಕಿಲ್ಲ. ಆದ್ದರಿಂದ ಹಳೆಯ ಮನೆ ಕೊಳ್ಳುವವರು ಉತಾರ, ಋಣಭಾರ ಪತ್ರಗಳನ್ನು ವಕೀಲರಿಂದ ಪರಿಶೀಲಿಸಿ, ಮರದ ಸ್ಥಿತಿಯನ್ನು ದೇವರ ಮೇಲೆ ಬಿಡುತ್ತಾರೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ವಿರುದ್ಧ ಕರಾರು ಇಲ್ಲದಿದ್ದರೆ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಅವನಿಗೆ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ಇಲ್ಲಿ ಸಾಮಾನ್ಯ ಎಚ್ಚರಿಕೆ ಎಂಬ ಮಾತು ಕೊಳ್ಳುವವನನ್ನೂ ಕಟ್ಟಿಹಾಕುತ್ತದೆ. ಚೌಕಟ್ಟನ್ನು ಒಮ್ಮೆ ಬಡಿದಿದ್ದರೆ ತಿಳಿಯುತ್ತಿದ್ದ ದೋಷದ ಬಗ್ಗೆ ಆಮೇಲೆ ದೂರುವುದು ಕಷ್ಟ. ಮುಂಗಡ ಕೊಡುವ ಮುನ್ನ ತಪಾಸಣೆ ಮಾಡಿಸಿದರೆ, ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಹಿಡಿಯಬಹುದು.

ಹೊಸ ಅಪಾರ್ಟ್‌ಮೆಂಟ್ ಕೊಳ್ಳುವವರು ನಿರ್ಮಾಣಕ್ಕೆ ಮುಂಚೆ ಉಪಚಾರವಾಗಿದೆಯೇ ಎಂಬ ಪ್ರಮಾಣಪತ್ರವನ್ನು ಕೇಳಬೇಕು ಮತ್ತು ಅದನ್ನು ಕರಾರಿನಲ್ಲಿ ನಮೂದಿಸಬೇಕು. 2016ರ ರೇರಾ ಕಾಯಿದೆಯ 14ನೆಯ ಕಲಮಿನಂತೆ ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ತಿಳಿಸಲಾದ ರಚನೆಯ ಅಥವಾ ಕಾಮಗಾರಿಯ ದೋಷಗಳನ್ನು ನಿರ್ಮಾಪಕರು 30 ದಿನಗಳಲ್ಲಿ ಶುಲ್ಕವಿಲ್ಲದೆ ಸರಿಪಡಿಸಬೇಕಾಗಿದೆ. ಕರಾರಿನ ದಾಖಲೆ ಕೈಯಲ್ಲಿದ್ದವರ ಮಾತಿಗೆ ಇಲ್ಲಿ ತೂಕ ಬರುತ್ತದೆ.

ವಿಮೆ ಮತ್ತು ಲೆಕ್ಕಪತ್ರ

ಗೆದ್ದಲಿನ ಹಾನಿಯನ್ನು ವಿಮೆ ತುಂಬಿಕೊಡುತ್ತದೆಂದು ನಂಬಿರುವವರು ಪಾಲಿಸಿಯನ್ನು ಓದಬೇಕು. 2021ರ ಏಪ್ರಿಲ್ 1ರಿಂದ ಜಾರಿಯಾದ ಭಾರತ ಗೃಹ ರಕ್ಷಾ, ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಹಾಗೂ ಭಾರತ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ ಮುಂತಾದ ಹೆಸರಿಸಿದ ಆಪತ್ತುಗಳಿಗೆ ಮಾತ್ರ ಅನ್ವಯಿಸುತ್ತವೆ. ಆ ಪಟ್ಟಿಯಲ್ಲಿ ಗೆದ್ದಲು ಇಲ್ಲ. ನಷ್ಟ ಪೂರ್ತಿಯಾಗಿ ಮಾಲೀಕನದೇ.

ಹಣದಿಂದ ತುಂಬಿಕೊಳ್ಳಲಾಗದ ನಷ್ಟವೂ ಒಂದಿದೆ. ಜಿ.ಎಸ್.ಟಿ. ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಕಾಯ್ದಿಡಬೇಕು. 2013ರ ಕಂಪನಿ ಕಾಯಿದೆಯಂತೆ ಕಂಪನಿಗಳು 8 ಆರ್ಥಿಕ ವರ್ಷಗಳ ಪುಸ್ತಕಗಳನ್ನು ಇಡಬೇಕು. ದಪ್ತರ ಕಟ್ಟಿ ಅಟ್ಟದ ಮೇಲೆ ಇಟ್ಟ ಕೀರ್ದಿ, ಖತಾವಣಿ, ಬಿಲ್ಲುಗಳ ಕಟ್ಟು ಗೆದ್ದಲಿಗೆ ಬಲು ಪ್ರಿಯವಾದ ಆಹಾರ. ಹೊರಗಿನ ರಟ್ಟು ಹಾಗೆಯೇ ಉಳಿದು ಒಳಗಿನ ಹಾಳೆಗಳು ಮಣ್ಣಾಗಿರುವುದು ಅಧಿಕಾರಿ ಪುಸ್ತಕ ಕೇಳಿದ ದಿನ ತಿಳಿಯುವಂತಾಗಬಾರದು. ಪುಸ್ತಕಗಳನ್ನು ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿ, ಉಕ್ಕಿನ ಕಪಾಟಿನಲ್ಲಿ ಇಟ್ಟು, ಮುಖ್ಯ ಕಾಗದಗಳ ಸ್ಕ್ಯಾನ್ ಪ್ರತಿಯನ್ನು ಬೇರೆಡೆ ಕಾದಿರಿಸಬೇಕು. ಮನೆಯ ಖರೀದಿಪತ್ರ, ಮರಣಪತ್ರ, ಪಾಲುಪತ್ರಗಳಿಗೂ ಇದೇ ನಿಯಮ.

ಉಪಸಂಹಾರ

ವರ್ಷಾಂತ್ಯಕ್ಕೆ ದಾಸ್ತಾನು ಎಣಿಸದ ವ್ಯಾಪಾರಿ ಇಲ್ಲ. ಎಣಿಸುವುದರಿಂದ ಸರಕು ಹೆಚ್ಚುವುದಿಲ್ಲವಾದರೂ ಸೋರಿಕೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಕಟ್ಟಡದ ತಪಾಸಣೆಯೂ ಅಂತಹುದೇ. ಮಳೆಗೆ ಮುನ್ನ ಒಂದು ಸಲ, ದೀಪಾವಳಿಗೆ ಒಂದು ಸಲ, ಟಾರ್ಚ್ ಮತ್ತು ಸುತ್ತಿಗೆ ಹಿಡಿದು ಮನೆ, ಅಂಗಡಿ, ಗೋದಾಮುಗಳನ್ನು ಸುತ್ತಿಬರುವುದು ಅರ್ಧ ದಿನದ ಕೆಲಸ. ಕಂಡುದನ್ನು ತಾರೀಖಿನೊಂದಿಗೆ ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಹೋಲಿಸಿ ನೋಡಲು ಸಾಧ್ಯವಾಗುತ್ತದೆ. ಸೋರಿಕೆ ನಿಲ್ಲಿಸಿ, ಸಂದು ಮುಚ್ಚಿಸಿ, ಗೋಡೆಗೆ ತಾಗಿದ ಕಟ್ಟಿಗೆ ತೆಗೆಸಿದ ನಂತರವೂ ಗೆದ್ದಲು ಉಳಿದಿದ್ದರೆ ಆಗ ಔಷಧದವರನ್ನು ಕರೆಸಬೇಕು. ಆಗ ಕೊಟ್ಟ ಹಣಕ್ಕೆ ಫಲ ದೊರೆಯುತ್ತದೆ.